ಹಗಲು ನಿದ್ದೆಯ ಕಾವಲು

ದೀಪಾವಳಿಗೆ ಮನೆ ತೊಳೆಯುವ ಕೆಲಸದಲ್ಲಿ ಪ್ರತಿವರ್ಷ ನನ್ನ ಪಾಲಿಗೆ ಬರುವುದು ಅಟ್ಟ. ಈ ಸಲ ಏಣಿ ಹತ್ತಿದವಳು ಮಗಳು. ನಾನು ಕೆಳಗೆ ಏಣಿ ಹಿಡಿದು ನಿಂತೆ. ಮೊಣಕಾಲು ನೋವು ಶುರುವಾದ ಗಂಡಸರಿಗೆ ಮನೆಯಲ್ಲಿ ಸಿಗುವ ಬಡ್ತಿ ಇದು. ಅವಳು ಹಳೆಯ ಸ್ಟೋವ್, ಕಾಲು ಮುರಿದ ಸ್ಟೂಲು, ಯಾವುದೋ ಮದುವೆಯಲ್ಲಿ ಬಂದ ಬಿಚ್ಚದ ಡಬ್ಬಿ ಹೀಗೆ ಒಂದೊಂದಾಗಿ ಇಳಿಸುತ್ತ ಹೋದಳು. ಕೊನೆಗೆ ಒಂದು ಕಪ್ಪು ಚಾದರ ಧೂಳಿನ ಸಮೇತ ನನ್ನ ತಲೆಯ ಮೇಲೆ ಬಿತ್ತು. ಕೊಡವಿ ಬಿಡಿಸಿದೆ. ದಪ್ಪ ಬಟ್ಟೆ, ಅಂಚಿನುದ್ದಕ್ಕೂ ಮೊಳೆ ಹೊಡೆದ ತೂತುಗಳು.

"ಇಲಿ ಕಡದಾವೇನ ಅಪ್ಪಾ?" ಅಂದಳು ಮೇಲಿನಿಂದ.

ಇಲಿ ಅಲ್ಲ, ನಾನೇ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಹದಿಮೂರು ವರ್ಷ ಹಿಂದಕ್ಕೆ ಹೋಗಬೇಕು. ಅಟ್ಟದ ಕೆಲಸ ಅಲ್ಲಿಗೇ ನಿಂತಿತು. ನೀವೂ ಬನ್ನಿ, ಹೇಗೂ ಕೂತಿದ್ದೇವೆ.

ನೀವು ಎಂದಾದರೂ ಹಗಲಿನಲ್ಲಿ ಮಲಗಿ ನೋಡಿದ್ದೀರಾ? ಊಟದ ನಂತರದ ಅರ್ಧ ತಾಸಿನ ಮಾತಲ್ಲ. ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಹಾಸಿಗೆ ಹಾಸಿ, ಊರೆಲ್ಲ ಮಧ್ಯಾಹ್ನದ ಚಹಾ ಕುಡಿಯುವ ಹೊತ್ತಿಗೆ ಏಳುವ ನಿದ್ದೆ. ರಾತ್ರಿಯ ನಿದ್ದೆಯನ್ನು ಜಗತ್ತೆಲ್ಲ ಸೇರಿ ಕಾಯುತ್ತದೆ. ಹಗಲಿನ ನಿದ್ದೆಗೆ ಕಾವಲುಗಾರರಿಲ್ಲ. ಕೊತ್ತಂಬರಿ ಮಾರುವವನು ಬರುತ್ತಾನೆ, ಹಳೆಯ ಕಬ್ಬಿಣ ಕೊಳ್ಳುವವನು ಬರುತ್ತಾನೆ, ಗ್ಯಾಸಿನವನು ಸಿಲಿಂಡರನ್ನು ಕಲ್ಲಿನ ಮೇಲೆ ಕುಟ್ಟಿ ಬಂದಿದ್ದೇನೆಂದು ಸಾರುತ್ತಾನೆ. ಇವರನ್ನೆಲ್ಲ ದಾಟಿ ಮಲಗುವುದನ್ನು ಕಲಿಯಬಹುದು. ಆದರೆ ಎರಡೂವರೆ ವರ್ಷದ ಕೂಸೊಂದು ಎದೆಯ ಮೇಲೆ ಕೂತು, ನಿಮ್ಮ ರೆಪ್ಪೆಗಳನ್ನು ಎರಡು ಬೆರಳಿನಿಂದ ಎತ್ತಿ ಒಳಗೆ ಯಾರಿದ್ದಾರೆಂದು ಇಣುಕಿ ನೋಡತೊಡಗಿದರೆ ಏನು ಮಾಡುತ್ತೀರಿ?

ನಾನು ಚಿಕ್ಕೋಡಿಯಿಂದ ಅರ್ಧ ತಾಸಿನ ದಾರಿಯಲ್ಲಿರುವ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕಾಯಿಸುವವನು. ಮೂರಾಳೆತ್ತರದ ಮುಚ್ಚಿದ ಹಂಡೆಯೊಳಗೆ ಕಬ್ಬಿನ ರಸ ಕುದಿದು ಕುದಿದು ಹರಳುಗಟ್ಟುತ್ತದೆ. ಆಗಾಗ ಒಂದು ತೊಟ್ಟನ್ನು ತೆಗೆದು ಗಾಜಿನ ಚೂರಿಗೆ ಸವರಿ, ದೀಪಕ್ಕೆ ಹಿಡಿದು, ಹರಳು ಸಮನಾಗಿ ಬೆಳೆಯುತ್ತಿವೆಯೇ ಎಂದು ನೋಡುತ್ತಿರಬೇಕು. ಸ್ವಲ್ಪ ಕಣ್ಣು ತಪ್ಪಿದರೆ ಸಕ್ಕರೆ ಪುಡಿಪುಡಿ. ನನ್ನ ಹೆಂಡತಿ ಸುರೇಖಾ ಸಾರಿಗೆ ಬಸ್ಸಿನ ಕಂಡಕ್ಟರು. ಬೆಳಗಿನ ಆರರ ಅಥಣಿ ಬಸ್ಸು ಅವಳದು. ಮಗಳಿಗೆ ವೈಷ್ಣವಿ ಎಂದು ಹೆಸರಿಟ್ಟಿದ್ದೆವು, ಆದರೆ ನಮ್ಮ ಓಣಿಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಯಾರೋ ಪಿಲ್ಲು ಅಂದರು, ಮರಿ ಎಂಬ ಅರ್ಥದ ಆ ಹೆಸರೇ ನಿಂತಿತು. ಎರಡು ವರ್ಷ ಅವಳನ್ನು ಕರೋಶಿಯಿಂದ ಬಂದ ನನ್ನ ಅತ್ತೆ ನೋಡಿಕೊಂಡರು. ಆಮೇಲೆ ಅವರ ಸಣ್ಣ ಮಗಳ ಬಾಣಂತನ ಬಂತು, ಅವರು ಹೋಗಲೇಬೇಕಾಯಿತು.

ಆಗ ನಾವಿಬ್ಬರೂ ಕೂತು ಮಾಡಿದ ಯೋಜನೆ ಕಾಗದದ ಮೇಲೆ ಬಹಳ ಚೆಂದವಿತ್ತು. ನಾನು ಖಾಯಂ ರಾತ್ರಿ ಪಾಳಿ ಕೇಳಿ ಪಡೆಯುವುದು, ರಾತ್ರಿ ಎಂಟರಿಂದ ಬೆಳಗಿನ ನಾಲ್ಕು. ನಾನು ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಸುರೇಖಾ ಹೊರಡುವುದು. ಅವಳು ಸಂಜೆ ನಾಲ್ಕಕ್ಕೆ ಮರಳುವವರೆಗೆ ಕೂಸು ನನ್ನದು, ಅಲ್ಲಿಂದ ಮುಂದೆ ಅವಳದು. ಹೀಗೆ ಇಪ್ಪತ್ತನಾಲ್ಕು ತಾಸೂ ತಾಯಿಯೋ ತಂದೆಯೋ ಒಬ್ಬರು ಕೂಸಿನ ಹತ್ತಿರ. ಪಾಳಿ ಬದಲಿಸಿಕೊಳ್ಳುತ್ತಿದ್ದ ಜೊತೆಗಾರರು, ರಾತ್ರಿಯನ್ನು ಬೇಡಿ ಪಡೆಯುವ ಹುಚ್ಚನೊಬ್ಬ ಸಿಕ್ಕನೆಂದು ಸಂತೋಷದಿಂದ ಒಪ್ಪಿದರು. ಆ ಇಪ್ಪತ್ತನಾಲ್ಕು ತಾಸಿನಲ್ಲಿ ನಾನು ಯಾವಾಗ ಮಲಗುವುದು ಎಂಬುದನ್ನು ಮಾತ್ರ ಯಾರೂ ಬರೆದುಕೊಂಡಿರಲಿಲ್ಲ. ಕೂಸು ಮಲಗಿದಾಗ ನೀವೂ ಮಲಗಿರಿ ಎಂದಿದ್ದಳು ಸುರೇಖಾ. ಕೂಸಿಗೆ ಈ ಕರಾರು ಗೊತ್ತಿರಲಿಲ್ಲ.

ಮೊದಲ ವಾರ ನಾನು ಮಲಗಲೇ ಇಲ್ಲ. ಎರಡನೆಯ ವಾರ ಕಿಟಕಿಗೆ ಕಪ್ಪು ಚಾದರವನ್ನು ಮೊಳೆ ಹೊಡೆದು ಬಿಗಿದೆ. ಕೋಣೆ ಕತ್ತಲಾದರೆ ಇಬ್ಬರಿಗೂ ನಿದ್ದೆ ಬರುತ್ತದೆ ಎಂಬುದು ನನ್ನ ಲೆಕ್ಕ. ಕತ್ತಲೆ ಪಿಲ್ಲುವಿಗೆ ಬಹಳ ಇಷ್ಟವಾಯಿತು. ಅದರಲ್ಲಿ ನನ್ನನ್ನು ಹುಡುಕುವ ಆಟ ಶುರುವಾಯಿತು. ಮೂರನೆಯ ವಾರ ಒಂದು ನೂಲಿನ ದಾರದ ಒಂದು ತುದಿಯನ್ನು ನನ್ನ ಹೆಬ್ಬೆರಳಿಗೆ, ಇನ್ನೊಂದನ್ನು ಅವಳ ಫ್ರಾಕಿನ ಪಟ್ಟಿಗೆ ಕಟ್ಟಿ ಮಲಗಿದೆ. ಎಲ್ಲಿಗಾದರೂ ಹೋದರೆ ಎಳೆದು ಎಚ್ಚರವಾಗಲಿ ಎಂದು. ಅವಳು ತನ್ನ ತುದಿಯನ್ನು ಬಿಚ್ಚಿ ಹಿತ್ತಾಳೆ ತಂಬಿಗೆಯ ಕುತ್ತಿಗೆಗೆ ಸಿಕ್ಕಿಸಿದಳು. ನಾನು ಮಗ್ಗುಲು ಬದಲಿಸಿದೆ. ಕಟ್ಟೆಯ ಮೇಲಿದ್ದ ತುಂಬಿದ ತಂಬಿಗೆ ನೆಲಕ್ಕೆ ಬಿತ್ತು, ನೀರು ಹಾಸಿಗೆಯವರೆಗೆ ಬಂತು, ಪಿಲ್ಲು ಚಪ್ಪಾಳೆ ತಟ್ಟಿದಳು.

ಕೊನೆಗೆ ನನ್ನ ನೆರವಿಗೆ ಬಂದದ್ದು ಅವಳ ಕಾಲ್ಗೆಜ್ಜೆ. ಗೆಜ್ಜೆ ಸದ್ದು ಮಾಡುತ್ತಿರುವವರೆಗೆ ಅವಳು ಕೋಣೆಯಲ್ಲಿಯೇ ಏನೋ ಮಾಡುತ್ತಿದ್ದಾಳೆ, ಕ್ಷೇಮವಾಗಿದ್ದಾಳೆ. ಅದು ನಿಂತರೆ ಏನೋ ಅನಾಹುತದ ತಯಾರಿ. ಹದಿನೈದು ದಿನಗಳಲ್ಲಿ ನನ್ನ ಕಿವಿ ಈ ವಿದ್ಯೆ ಕಲಿತಿತು. ಜಗತ್ತಿನಲ್ಲಿ ಉಳಿದವರು ಸದ್ದಿಗೆ ಎಚ್ಚರವಾದರೆ ನಾನು ನಿಶ್ಶಬ್ದಕ್ಕೆ ಎಚ್ಚರವಾಗುತ್ತಿದ್ದೆ. ಹೊಸ್ತಿಲ ಬಾಗಿಲಿನ ಮೇಲಿನ ಚಿಲಕ ಹಾಕಿ, ಬೆಂಕಿಪೆಟ್ಟಿಗೆ, ಚಾಕು ಎಲ್ಲವನ್ನೂ ಎತ್ತರಕ್ಕಿಟ್ಟು, ಗೆಜ್ಜೆಯ ಸದ್ದು ಕೇಳುತ್ತ ತುಣುಕು ತುಣುಕಾಗಿ ಮೂರು ನಾಲ್ಕು ತಾಸು ನಿದ್ದೆ ಸಿಗತೊಡಗಿತು.

ಉಳಿದದ್ದು ಒಂದೇ ಶತ್ರು. ನಮ್ಮ ಮನೆಯಿಂದ ಮೂರನೆಯದು ಇಮಾಮಕಾಕಾನ ಗಾದಿ ಅಂಗಡಿ. ಅರಳೆ ಹಿಂಜುವ ಮಷೀನನ್ನು ಅವರು ಒಂಬತ್ತಕ್ಕೆ ಹಚ್ಚಿದರೆ ಸಂಜೆಯವರೆಗೆ ಓಣಿಯ ಗೋಡೆಗಳೆಲ್ಲ ಗುಂಯ್‌ಗುಡುತ್ತಿದ್ದವು. ಮನೆಯಿಂದ ಯಾರಿಗಾದರೂ ಫೋನು ಮಾಡಿದರೆ ಆ ಕಡೆಯವರು ಮೊದಲು ಕೇಳುತ್ತಿದ್ದದ್ದು, ಗಿರಣಿಯಲ್ಲಿ ಇದ್ದೀರಾ ಎಂದು. ಅರವತ್ತು ದಾಟಿದ ಕಾಕಾ ಒಳ್ಳೆಯವರು, ಹುಬ್ಬಿನ ಮೇಲೆ ಸದಾ ಅರಳೆಯ ಎಳೆ ಅಂಟಿಸಿಕೊಂಡು ನಗುವವರು. ಅವರ ಹೆಂಡತಿ ಹಸೀನಾಕಾಕಿ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದರು. ನನ್ನ ನಿದ್ದೆಯ ಸಂಕಟ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳುವುದಾದರೂ ಹೇಗೆ? ಅವರ ಹೊಟ್ಟೆಪಾಡು ಅದು. ಹಾಸಿಗೆಯಲ್ಲಿ ಬಿದ್ದುಕೊಂಡು ಆ ಮಷೀನಿಗೆ ನಾನು ಹಾಕಿದ ಶಾಪಗಳನ್ನು ಪಿಲ್ಲು ಮಾತ್ರ ಕೇಳಿಸಿಕೊಳ್ಳುತ್ತಿದ್ದಳು. ಅವಳು ಎಷ್ಟು ಗಮನವಿಟ್ಟು ಕೇಳುತ್ತಿದ್ದಳೆಂಬುದು ಆಮೇಲೆ ಗೊತ್ತಾಯಿತು.

ಅದು ಮದುವೆಗಳ ಹಂಗಾಮು. ಒಂದು ದಿನ ನಸುಕಿನ ನಾಲ್ಕಕ್ಕೆ ನನ್ನನ್ನು ಪಾಳಿಯಿಂದ ಬಿಡಿಸಬೇಕಾದವನು ಬರಲಿಲ್ಲ. ಕಾರ್ಖಾನೆಯಿಂದ ಫೋನು ಮಾಡಿ ತಡವಾಗುತ್ತದೆ ಎಂದೆ. ಸುರೇಖಾ ಕೂಸನ್ನು ಇಮಾಮಕಾಕಾನ ಮನೆಯಲ್ಲಿ ಬಿಟ್ಟು ಹೋದಳು. ಎಂಟೂವರೆಗೆ ನಾನು ಬಂದು ಕರೆದುಕೊಂಡು ಬಂದೆ. ಹನ್ನೆರಡು ತಾಸು ಹಂಡೆಯ ಮುಂದೆ ನಿಂತ ಕಾಲುಗಳು ನನ್ನವೇ ಎಂಬುದು ಅನುಮಾನವಾಗಿತ್ತು. ಉಪ್ಪಿಟ್ಟು ಮಾಡಿ ಇಬ್ಬರೂ ತಿಂದೆವು. ಆಮೇಲೆ ನಡೆದದ್ದು ನನಗೆ ಅಷ್ಟಿಷ್ಟು ನೆನಪು. ನನ್ನ ಕಾರ್ಖಾನೆಯ ದಪ್ಪ ಕಾಲುಚೀಲ ಹಿಡಿದುಕೊಂಡು ಪಿಲ್ಲು ಹಾಸಿಗೆಯ ಹತ್ತಿರ ಬಂದಳು, ಹಾಕು ಅಂದಳು. ಕಣ್ಣು ಮುಚ್ಚಿಕೊಂಡೇ ಅವಳ ಕಾಲಿಗೆ ಮೊಣಕಾಲು ಮುಟ್ಟುವವರೆಗೆ ಎಳೆದು ಹಾಕಿದೆ. ಗೆಜ್ಜೆಯ ಬಾಯಿ ನಾನೇ ಮುಚ್ಚಿದೆನೆಂಬುದು ಹೊಳೆಯಲಿಲ್ಲ. ಬಾಗಿಲ ಚಿಲಕ ಹಾಕಿದೆನೇ ಎಂಬುದೂ ಹೊಳೆಯಲಿಲ್ಲ.

ಎಚ್ಚರವಾದಾಗ ಎಂಥ ಸುಖ ಎನ್ನುತ್ತೀರಿ. ಎಷ್ಟೋ ತಿಂಗಳ ನಂತರ ಮೈ ಹಗುರವಾಗಿತ್ತು. ಓಣಿಯಲ್ಲಿ ಒಂದು ಸದ್ದಿಲ್ಲ. ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು. ಆ ಸುಖದಲ್ಲಿ ಅರ್ಧ ನಿಮಿಷ ಹಾಗೆಯೇ ಬಿದ್ದುಕೊಂಡಿದ್ದೆನೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಪಕ್ಕಕ್ಕೆ ಕೈ ಚಾಚಿದೆ. ಹಾಸಿಗೆ ಖಾಲಿ. ಬಾಗಿಲು ಅರ್ಧ ತೆರೆದಿತ್ತು.

ಮಂಚದ ಕೆಳಗೆ ನೋಡಿದೆ, ಬಚ್ಚಲು ನೋಡಿದೆ, ನೀರಿನ ಬ್ಯಾರಲ್ಲಿನೊಳಗೆ ಕೈ ಹಾಕಿ ತಡಕಿದೆ. ಆ ಬ್ಯಾರಲ್ಲಿನ ತಣ್ಣನೆಯ ನೀರು ಮೊಣಕೈಗೆ ಮುಟ್ಟಿದ್ದು ಇಂದಿಗೂ ಮರೆತಿಲ್ಲ. ಓಣಿಯಲ್ಲಿ ಯಾರನ್ನಾದರೂ ಕೇಳಬೇಕೆಂದೂ ಹೊಳೆಯದೆ ಬನಿಯನ್ನು, ಲುಂಗಿಯಲ್ಲಿ ಬರಿಗಾಲಲ್ಲಿ ನೇರ ರಸ್ತೆಗೆ ಓಡಿದೆ. ಓಣಿಯ ಒಂದು ತುದಿಯಿಂದ ದೊಡ್ಡ ರಸ್ತೆ, ಅಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ಸಾಲಾಗಿ ಹೋಗುತ್ತಿದ್ದವು. ಚಹಾದಂಗಡಿಯವನನ್ನು ಕೇಳಿದೆ, ಸೈಕಲ್ ದುರಸ್ತಿಯವನನ್ನು ಕೇಳಿದೆ. ಯಾರೂ ನೋಡಿರಲಿಲ್ಲ. ರಸ್ತೆಯ ದಂಡೆಯಲ್ಲಿ ನಿಂತು ಎರಡೂ ಕಡೆ ನೋಡಿದೆ. ಮತ್ತೆ ಮನೆಗೆ ಓಡಿ ಬಂದು, ಇನ್ನೇನು ಮಾಡಬೇಕೆಂದು ತಿಳಿಯದೆ, ಸುರೇಖಾಗೆ ಫೋನು ಹಚ್ಚಿದೆ. ಅವಳು ಅಥಣಿ ಬಸ್‌ಸ್ಟ್ಯಾಂಡಿನಲ್ಲಿದ್ದಳು, ದಿನದ ಎರಡನೆಯ ಸುತ್ತು ಮುಗಿಸಿ ವಾಪಸು ಹೊರಡುವ ಹೊತ್ತು.

ನಾನು ಕೇಳಿದ ಪ್ರಶ್ನೆಯನ್ನು ಅವಳು ಇಂದಿಗೂ ನೆಂಟರೆದುರು ಹೇಳಿ ನಗುತ್ತಾಳೆ. "ಪಿಲ್ಲು ನಿನ್ನ ಹಂತ್ಯಾಕ ಬಂದಾಳೇನ?"

ಐವತ್ತು ಅರವತ್ತು ಕಿಲೋಮೀಟರ್ ದೂರದಲ್ಲಿ ಬಸ್ಸಿನ ಬಾಗಿಲಲ್ಲಿ ನಿಂತವಳನ್ನು ಕೇಳುವ ಪ್ರಶ್ನೆಯೇ ಅದು? ಅವಳು ಕೂಗಲಿಲ್ಲ, ಅಳಲಿಲ್ಲ. ಹಿಂದೆ ಪ್ರಯಾಣಿಕರ ಗದ್ದಲ ಕೇಳುತ್ತಿತ್ತು. ಆಮೇಲೆ ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು.

"ನೀವು ಈಗ ಮನ್ಯಾಗ ಅದೀರಿ ಹೌದಲ್ಲೊ?"

ಹೌದೆಂದೆ.

"ಮತ್ತ ಮಷೀನ ಸಪ್ಪಳ ಯಾಕ ಕೇಳವಲ್ದು? ಮದುವಿ ಸೀಜನ್ನಿನ್ಯಾಗ ಕಾಕಾ ಮಷೀನ ಯಾಕ ಬಂದ್ ಮಾಡ್ಯಾರ? ಮೊದಲ ಅಲ್ಲಿ ಹೋಗಿ ನೋಡ್ರಿ."

ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಅಂಗಡಿಯ ಬಾಗಿಲಲ್ಲಿ ಒಂದು ಟೆಂಪೋ ನಿಂತಿತ್ತು. ರಾಯಬಾಗದ ಕಡೆಯಿಂದ ಮದುವೆಯ ಗಾದಿ ಒಯ್ಯಲು ಬಂದಿದ್ದ ಮೀಸೆಯವನೊಬ್ಬ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿದ್ದೇ ಅವನು ತುಟಿಯ ಮೇಲೆ ಬೆರಳಿಟ್ಟ. ಒಳಗೆ ಹಿಂಜಿದ ಅರಳೆ ಸೊಂಟದೆತ್ತರ ಬಿದ್ದಿತ್ತು. ಅದರ ನಡುವೆ ಒಂದು ಗುಳಿ. ಗುಳಿಯಲ್ಲಿ ಪಿಲ್ಲು ಅಂಗಾತ ಮಲಗಿದ್ದಳು, ಬಾಯಿ ತೆರೆದುಕೊಂಡು, ಮೊಣಕಾಲಿನವರೆಗೆ ನನ್ನ ಕಾಲುಚೀಲ. ಇಮಾಮಕಾಕಾ ಪಕ್ಕದಲ್ಲಿ ಕೂತು ಹೆಗಲ ಮೇಲಿನ ವಲ್ಲಿಯಿಂದ ನೊಣ ಅಟ್ಟುತ್ತಿದ್ದರು.

ನಾನು ಅರಳೆಯ ಅಂಚಿನಲ್ಲಿ ಕಾಕಾನ ಪಕ್ಕಕ್ಕೆ ಕೂತೆ. ಕಾಕಾ ಪಿಸುದನಿಯಲ್ಲಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಹೇಳುತ್ತೇನೆ.

"ಹತ್ತಕ್ಕ ಬಂದಾಳ ತಮ್ಮಾ. ಬಂದವಳ ನನ್ನ ಮುಂದ ನಿಂತು, ಅಜ್ಜಾ ಮಷೀನ ಬಂದ್ ಮಾಡು, ಅಪ್ಪ ಮಲಗ್ಯಾನ ಅಂದ್ಲು. ಮಾಡಿದ್ನಿ. ಆಮ್ಯಾಲ ಅರಳ್ಯಾಗ ಆಡಕೋಂತ ಆಕಿನೂ ಮಲಗಿದ್ಲು. ನಿನಗ ಹೇಳೂಣಂದ್ರ ನೀ ಮಲಗೀದಿ. ಎಬ್ಬಸಬ್ಯಾಡ ಅಂತ ಹೇಳೂದಕ್ಕ ಬಂದ ಕೂಸು ಅದು, ನಾ ಹ್ಯಾಂಗ ಎಬ್ಬಸಲಿ? ಮಷೀನ ಹಚ್ಚಿದ್ರ ಇಬ್ಬರೂ ಏಳತೀರಿ. ಕುಂತ್ನಿ."

ಮೂರು ತಾಸು ಕೂತಿದ್ದರು. ಮದುವೆಮನೆಯವನನ್ನೂ ಕೂರಿಸಿದ್ದರು. ಹಸೀನಾಕಾಕಿ ಅಂದು ನಿಪ್ಪಾಣಿಯ ಮಗಳ ಮನೆಗೆ ಹೋಗಿದ್ದರು, ಇಲ್ಲದಿದ್ದರೆ ಈ ಧ್ಯಾನ ಅಷ್ಟು ಹೊತ್ತು ನಡೆಯುತ್ತಿರಲಿಲ್ಲ.

ಆಗ ನನಗೆ ಕೈಯಲ್ಲಿದ್ದ ಫೋನಿನ ನೆನಪಾಯಿತು. ಕಿವಿಗೆ ಹಿಡಿದರೆ ಸುರೇಖಾ ಇನ್ನೂ ಇದ್ದಳು, ಎಲ್ಲವನ್ನೂ ಕೇಳಿದ್ದಳು. ಒಂದು ಉದ್ದನೆಯ ಉಸಿರು ಬಿಟ್ಟದ್ದು ಕೇಳಿಸಿತು. ಡ್ರೈವರಿಗೆ "ರೈಟ್, ಹೋಗ್ಲಿ" ಅಂದಳು. ಆ ದಿನ ಅಥಣಿಯಿಂದ ಬಸ್ಸು ಎಂಟು ನಿಮಿಷ ತಡವಾಗಿ ಹೊರಟಿತಂತೆ.

ಸಂಜೆ ಮನೆಗೆ ಬಂದವಳು ನನ್ನನ್ನು ಬಯ್ಯುತ್ತಾಳೆಂದು ನಾನು ತಯಾರಾಗಿದ್ದೆ. ಅವಳು ಬಯ್ಯಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ತಲೆಗೂದಲಿನಿಂದ ಅರಳೆಯ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತ, ನಾಳೆ ರಾಜೀನಾಮೆ ಬರೆದುಕೊಡುತ್ತೇನೆ ಎಂದಳು. ನಾನು ಬೇಡ, ನಾನೇ ಬಿಡುತ್ತೇನೆ ಎಂದೆ. ತಪ್ಪು ನನ್ನದು, ಚಿಲಕ ಹಾಕದವನು ನಾನು. ಅವಳು ಕೇಳಲಿಲ್ಲ. ಒಂದು ತಾಸು ನಾವಿಬ್ಬರೂ ಕೆಲಸ ಬಿಡಲು ಪೈಪೋಟಿ ನಡೆಸಿದೆವು. ಹಾಗೆ ಜಗಳಾಡುವಾಗ ಅವಳ ಕಂಡಕ್ಟರ್ ಚೀಲ ಗೂಟಕ್ಕೆ ತೂಗುತ್ತಿತ್ತು. ಚರ್ಮದ ಆ ಚೀಲಕ್ಕೆ ಅವಳು ವಾರಕ್ಕೊಮ್ಮೆ ಎಣ್ಣೆ ಸವರುತ್ತಿದ್ದಳು. ಯಾವ ಊರಿನ ಯಾವ ಅಜ್ಜಿಗೆ ಕಣ್ಣಿನ ಆಪರೇಶನ್ ಆಗಿದೆ, ಯಾವ ಹುಡುಗಿಯ ಕಾಲೇಜು ಎಲ್ಲಿದೆ, ಯಾವ ನಿಲುಗಡೆಯಲ್ಲಿ ಯಾರು ತಡವಾಗಿ ಓಡಿ ಬರುತ್ತಾರೆ ಎಂದು ಊಟದ ಹೊತ್ತಿನಲ್ಲಿ ಅವಳು ಹೇಳುವ ಸುದ್ದಿ ನೆನಪಾಯಿತು. ಆ ಚೀಲವಿಲ್ಲದ ಸುರೇಖಾಳನ್ನು ಊಹಿಸಿಕೊಳ್ಳಲು ನನಗೆ ಆಗಲಿಲ್ಲ. ಅಂದು ಅವಳು ಹೇಳಲಿಲ್ಲ, ಆದರೆ ಹಂಡೆಯ ಮುಂದೆ ನಿಲ್ಲದ ನನ್ನನ್ನು ಊಹಿಸಿಕೊಳ್ಳಲು ಅವಳಿಗೂ ಆಗಲಿಲ್ಲವಂತೆ.

ಏಳು ಗಂಟೆಯ ಹೊತ್ತಿಗೆ, ನಾನು ಪಾಳಿಗೆ ಹೊರಡುವ ಗಡಿಬಿಡಿಯಲ್ಲಿರುವಾಗ, ಹಸೀನಾಕಾಕಿ ಬಂದರು. ನಿಪ್ಪಾಣಿಯ ಬಸ್ಸಿನಿಂದ ಇಳಿದವರು ಸುದ್ದಿ ಕೇಳಿ, ಮೊದಲು ತಮ್ಮ ಮನೆಗೆ ಹೋಗಿ ಗಂಡನನ್ನು ಬಯ್ದು, ಆಮೇಲೆ ನಮ್ಮ ಮನೆಗೆ ಬಂದಿದ್ದರು. ಕಾಕಾ ಹಿಂದೆ ನಿಂತಿದ್ದರು, ತಲೆ ತಗ್ಗಿಸಿಕೊಂಡು. ಅಲ್ಲೇ ಹತ್ತು ಹೆಜ್ಜೆ ನಡೆದು ಬಂದು ಕೂಸು ತಮ್ಮ ಅಂಗಡಿಯಲ್ಲಿದೆ ಎಂದು ನಮ್ಮ ಬಾಗಿಲಲ್ಲಿ ಒಂದು ಗುರುತಿಟ್ಟು ಹೋಗುವಷ್ಟು ಬುದ್ಧಿ ಇರಲಿಲ್ಲವೇ ಈ ಮುದುಕನಿಗೆ ಎಂಬುದು ಕಾಕಿಯ ವಾದ. ನಮ್ಮ ಪೈಪೋಟಿಯ ಕತೆ ಕೇಳಿದ ಮೇಲೆ ನಮ್ಮ ಕಡೆ ತಿರುಗಿದರು.

"ಯಾರೂ ಏನೂ ಬಿಡೂದು ಬ್ಯಾಡ. ಒಂಬತ್ತಕ್ಕ ಕೂಸು ನನ್ನ ಕಟ್ಟಿಗಿ ಬರಲಿ, ಒಂದೂವರಿಗೆ ಉಣಿಸಿ ಕಳಸ್ತೇನಿ. ನೀ ಮಲಗು. ಮತ್ತ ಇಂವ ಮಷೀನ ಏಳಕ್ಕ ಹಚ್ಚಿ ಒಂಬತ್ತಕ್ಕ ಬಂದ್ ಮಾಡ್ಲಿ, ಎರಡರ ಮ್ಯಾಲ ಮತ್ತ ಹಚ್ಚಲಿ. ನಡುವ ಗಾದಿ ಹೊಲೀಲಿ. ಸೂಜಿಗೇನ ಸಪ್ಪಳ ಐತಿ?"

ನಾನು ಸಂಕೋಚದಿಂದ ಏನೋ ಹೇಳಹೋದೆ. ಕಾಕಿ ಕೈಸನ್ನೆಯಿಂದ ನಿಲ್ಲಿಸಿದರು. ಅವರ ಮಕ್ಕಳೆಲ್ಲ ದೊಡ್ಡವರಾಗಿ ಮನೆಯಲ್ಲಿ ಕಾಲಿಗೆ ತೊಡರುವುದು ಏನೂ ಉಳಿದಿರಲಿಲ್ಲ ಎಂಬುದನ್ನು ಅವರು ಹೇಳಿದ್ದು ಎಷ್ಟೋ ತಿಂಗಳ ನಂತರ.

ಆಮೇಲಿನ ಎರಡು ಹಂಗಾಮು ನನ್ನ ಬಾಳಿನ ಅತ್ಯಂತ ಸುಖದ ದಿನಗಳು. ಪಿಲ್ಲು ಕಟ್ಟೆಯ ಮೇಲೆ ಕೌದಿಯ ಚಿಂದಿಗಳ ನಡುವೆ ಕೂತು ಬಣ್ಣ ಕಲಿತಳು. ಕಾಕಿ ನೂಲು ಪೋಣಿಸುವಾಗ ಸೂಜಿಯ ಕಣ್ಣು ಹುಡುಕಿ ಕೊಡುವ ಕೆಲಸ ಅವಳದಾಯಿತು. ಓಣಿಗೆ ಬರುವ ಮಾರಾಟಗಾರರನ್ನೆಲ್ಲ ಅವಳು ಕಟ್ಟೆಯಿಂದಲೇ ತಡೆಯುತ್ತಿದ್ದಳು. ಅಪ್ಪ ಮಲಗ್ಯಾನ ಎಂಬ ಆಜ್ಞೆಗೆ ಗ್ಯಾಸಿನವನು ಸಿಲಿಂಡರನ್ನು ಮಗುವಿನಂತೆ ಎತ್ತಿ ಇಳಿಸತೊಡಗಿದ. ಕೊತ್ತಂಬರಿಯವನು ಮನೆಮನೆಯ ಬಾಗಿಲಿಗೆ ಹೋಗಿ ಗುಟ್ಟು ಹೇಳುವವನಂತೆ ಕೊತ್ತಂಬರಿ ಮಾರಿದ. ಒಂದು ದಿನ ಚುನಾವಣೆಯ ಮೈಕಿನ ಗಾಡಿ ಓಣಿಯ ಬಾಯಿಗೆ ಬಂದಾಗಲೂ ಇವಳು ಕೈ ಅಡ್ಡ ಹಿಡಿದು ನಿಂತಳಂತೆ, ಹಿಂದೆ ಸೂಜಿ ಹಿಡಿದ ಹಸೀನಾಕಾಕಿ. ಗಾಡಿ ಹಿಂದಕ್ಕೆ ಹೋಯಿತು. ನಾನು ಇದ್ಯಾವುದನ್ನೂ ನೋಡಲಿಲ್ಲ, ಮಲಗಿದ್ದೆ. ಅಷ್ಟು ದೊಡ್ಡ ಬಂದೋಬಸ್ತಿನಲ್ಲಿ ಮಂತ್ರಿಗಳೂ ಮಲಗಿರಲಾರರು.

ಒಂದೂವರೆಗೆ ಅವಳು ಮನೆಗೆ ಬರುತ್ತಿದ್ದಳು, ಜೋಳದ ರೊಟ್ಟಿಯ ತುಂಡು ಕೈಯಲ್ಲಿ ಹಿಡಿದು. ಸುರೇಖಾ ಬರುವವರೆಗಿನ ಆ ಎರಡೂವರೆ ತಾಸು ನಮ್ಮಿಬ್ಬರದೇ. ನಿದ್ದೆ ಮಾಡಿ ಎದ್ದ ಅಪ್ಪನನ್ನು ಅವಳು ಮೊದಲ ಸಲ ನೋಡಿದಳೆಂದೇ ಹೇಳಬೇಕು. ಇವನು ಆಟಕ್ಕೂ ಬರುತ್ತಾನೆ ಎಂದು ಅವಳಿಗೆ ಆಶ್ಚರ್ಯವಾಗಿರಬಹುದು.

ಅವಳು ಶಾಲೆಗೆ ಸೇರಿದ ವರ್ಷ ನಾನು ಮತ್ತೆ ಬದಲಾಗುವ ಪಾಳಿಗೆ ಬಂದೆ. ಈಗ ಹುಡುಗರಿಗೆ ಪಾಕ ನೋಡುವುದನ್ನು ಕಲಿಸುವ ಕೆಲಸ, ಹಗಲಿನದು. ಸುರೇಖಾ ಈಗಲೂ ಬಸ್ಸಿನಲ್ಲಿ. ಇಮಾಮಕಾಕಾನ ಅಂಗಡಿಯನ್ನು ಮಗ ನಡೆಸುತ್ತಾನೆ, ಕಾಕಾ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಅವನ ಹೊಲಿಗೆ ಸರಿಯಿಲ್ಲ ಎನ್ನುತ್ತಾರೆ. ಕಾಕಿ ಹತ್ತನೇ ತರಗತಿಯ ಪಿಲ್ಲುವಿಗೆ ಈಗಲೂ ಒಂದು ತುತ್ತು ತಿನ್ನಿಸದೆ ಬಿಡುವುದಿಲ್ಲ.

ಇಷ್ಟನ್ನೂ ಅಟ್ಟದ ಕೆಳಗೆ ಕೂತು ಮಗಳಿಗೆ ಹೇಳಿದೆ. ಹೇಳದೆ ಉಳಿದದ್ದು ಒಂದಿತ್ತು, ಅದನ್ನೂ ಹೇಳಿದೆ. ಅವಳ ಬಾಲ್ಯದ ಆ ಎರಡು ವರ್ಷಗಳನ್ನು ನಾನು ನಿದ್ದೆಯಲ್ಲಿ ಕಳೆದೆನಲ್ಲ ಎಂಬ ಕೊರಗು. ಉಳಿದ ಅಪ್ಪಂದಿರ ಹತ್ತಿರ ಮಗುವಿನ ನೂರು ನೆನಪುಗಳಿರುತ್ತವೆ; ನನ್ನ ಹತ್ತಿರ ಇರುವುದರಲ್ಲಿ ಅರ್ಧ ಓಣಿಯವರು ಹೇಳಿದ್ದು.

ಅವಳು ಬಹಳ ಹೊತ್ತು ನಕ್ಕಳು. ಇದ್ಯಾವುದೂ ತನಗೆ ನೆನಪಿಲ್ಲ ಎಂದಳು. ಅರಳೆಯೂ ಇಲ್ಲ, ಮೈಕಿನ ಗಾಡಿಯೂ ಇಲ್ಲ. ಆಮೇಲೆ, ಒಂದು ಮಾತ್ರ ನೆನಪಿದೆ ಎಂದಳು.

"ಮೊಸಳಿ ಕಥಿ."

ನನಗೆ ಹೊಳೆಯಲಿಲ್ಲ. ಅವಳನ್ನು ಮಲಗಿಸಲು ನಾನು ಹೇಳುತ್ತಿದ್ದ ಕತೆಯೆಂದು ಅವಳು ನೆನಪಿಸಿದಳು. ಯಡೂರಿನ ಹತ್ತಿರ ಕೃಷ್ಣೆಯಿಂದ ಎದ್ದ ಮೊಸಳೆಯೊಂದು ಅವ್ವನ ಬಸ್ಸು ಹತ್ತಿತು. ಬಾಲ ಬಾಗಿಲಿನ ಹೊರಗೇ ಉಳಿಯಿತು. ಬಾಲ ಒಳಗೆ ತೆಗೆದುಕೋ, ಇಲ್ಲವಾದರೆ ಬಸ್ಸು ಬಿಡುವುದಿಲ್ಲ ಎಂದಳು ಅವ್ವ. ಪ್ರತಿಸಲ ಅಲ್ಲಿಗೆ ಬಂದಾಗ ನನಗೆ ನಿದ್ದೆ ಹತ್ತುತ್ತಿತ್ತಂತೆ.

"ಉಳದದ್ದು ನಾನ ಹೇಳಕೋತಿದ್ನಿ," ಎಂದಳು. "ನಿನ್ನ ಮಗ್ಗಲಕ ಮಲಗಿ. ದಿನಾ."

ಏನಾಯಿತು ಮೊಸಳೆಗೆ ಎಂದು ಕೇಳಿದೆ.

"ಬಾಲಾ ಒಳಗ ತಗೊಂತು. ಬಸ್ಸು ಬಿಟ್ಟಿತು. ಸೀಟಿನ ಮ್ಯಾಲ ಅದಕ್ಕ ಗಡದ್ದ ನಿದ್ದಿ ಹತ್ತಿತು. ಚಿಕ್ಕೋಡಿ ಬಂತು, ಎಲ್ಲಾರೂ ಇಳದ್ರು, ಅದು ಏಳಲಿಲ್ಲ. ಅವ್ವ ಎಬ್ಬಸಲಿಲ್ಲ. ಪಾಪ, ದೂರಿಂದ ಬಂದೈತಿ, ಮಲಗಲಿ ಅಂತ ಹೇಳಿ ಬಸ್ಸಿನ ಬಾಗಿಲಾ ಸಾವಕಾಶ ಹಾಕಿದ್ಲು."

"ಆಮ್ಯಾಲ?"

"ಆಮ್ಯಾಲ ಎದ್ದು ಚಹಾ ಕೇಳಿತು."

ಒಲೆಯ ಕಡೆಯಿಂದ ಸುರೇಖಾ, ಇಬ್ಬರೂ ಅಟ್ಟ ಬಿಟ್ಟು ಏನು ನಡೆಸಿದ್ದೀರಿ ಎಂದು ಕೇಳುತ್ತಿದ್ದಳು. ಗೋಡೆಗೆ ಒರಗಿ ಕಾಲು ಚಾಚಿ, ಇನ್ನೊಮ್ಮೆ ಹೇಳು, ಮೊದಲಿನಿಂದ ಹೇಳು ಅಂದೆ ಮಗಳಿಗೆ. ಅವಳು ಹೇಳಿದಳು. ನಾನು ಕೊನೆಯ ಮಾತಿನವರೆಗೂ ಎಚ್ಚರವಾಗಿದ್ದೆ.